ಬೀಜದ ಜೀವ ಕಾಯುವ ಎಣ್ಣೆಯ ಪೊರೆ

ಮುಂಗಾರು ಹತ್ತಿರ ಬಂತೆಂದರೆ ಗೋರಂಟ್ಲ ಸುತ್ತಿನ ಹಳ್ಳಿಗಳಲ್ಲಿ ರೈತನನ್ನು ಎರಡು ಚಿಂತೆಗಳು ಕಾಡುತ್ತವೆ. ಮಳೆ ಬಂದೀತೇ ಎಂಬುದು ಒಂದು. ಬಿತ್ತಿದ ಕಡಲೆಕಾಯಿ ಮೊಳೆತೀತೇ ಎಂಬುದು ಇನ್ನೊಂದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ವರ್ಷಕ್ಕೆ 55 ಸೆಂಟಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಸೀಮೆ ನಮ್ಮದು. ಚಿತ್ರಾವತಿ ನಮ್ಮ ಪಕ್ಕದಲ್ಲೇ ಇದ್ದರೂ ಅವಳಲ್ಲಿ ಮರಳು ಕಾಣುವ ದಿನಗಳೇ ಹೆಚ್ಚು. ಎರಡನೆಯದು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಉಂಟು. ಅದರ ವಿಚಾರವನ್ನೇ ಈ ವಾರ ಬರೆಯಲು ಹೊರಟಿದ್ದೇವೆ.

ಕಡಲೆಕಾಯಿಯ ಬೇಸಾಯದಲ್ಲಿ ಬೀಜದ ಖರ್ಚು ದೊಡ್ಡದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಾಗಿಯಾದರೆ ಒಂದೆರಡು ಸೇರಿನಲ್ಲಿ ಮುಗಿಯುವ ಕೆಲಸಕ್ಕೆ ಕಡಲೆಕಾಯಿಯಾದರೆ ಎಕರೆಗೆ ಅರ್ಧ ಕ್ವಿಂಟಾಲಿಗೂ ಮೇಲ್ಪಟ್ಟು ಬೀಜ ಬೇಕು. ಅಷ್ಟನ್ನೂ ಸಾಲ ಮಾಡಿ ತಂದು, ಹದ ನೋಡಿ ಬಿತ್ತಿ, ಹತ್ತು ದಿನ ಕಳೆದ ಮೇಲೆ ಸಾಲುಗಳಲ್ಲಿ ಬಾಯ್ದೆರೆದ ಬಯಲು ಕಂಡರೆ ಆ ವರ್ಷದ ಕಥೆ ಅಲ್ಲಿಗೆ ಮುಗಿಯಿತು. ಮತ್ತೆ ಬಿತ್ತಲು ಬೀಜವೂ ಇಲ್ಲ, ಹದವೂ ಇಲ್ಲ.

ಆಶ್ಚರ್ಯವೇನೆಂದರೆ, ಮೊಳೆಯುವ ಬೀಜವನ್ನೂ ಮೊಳೆಯದ ಬೀಜವನ್ನೂ ಅಂಗೈಯಲ್ಲಿಟ್ಟು ನೋಡಿದರೆ ಎಷ್ಟೋ ಸಲ ವ್ಯತ್ಯಾಸವೇ ತೋರುವುದಿಲ್ಲ. ಅದೇ ಕೆಂಪು ಸಿಪ್ಪೆ, ಅದೇ ಬಿಳಿಯ ಬೇಳೆ, ಅದೇ ತೂಕ. ಹುಳು ತಿಂದಿಲ್ಲ, ಬೂಷ್ಟು ಹಿಡಿದಿಲ್ಲ. ಹಾಗಾದರೆ ಒಂದರಲ್ಲಿ ಇರುವ ಜೀವ ಇನ್ನೊಂದರಿಂದ ಎಲ್ಲಿ ಸೋರಿಹೋಯಿತು? "ಸೋರಿಹೋಯಿತು" ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ನಿಜಕ್ಕೂ ಅದು ಸೋರುವುದೇ ಸರಿ. ಸೋರುವುದು ಕಣ್ಣಿಗೆ ಕಾಣದ ಒಂದು ಎಣ್ಣೆಯ ಪೊರೆಯ ಮೂಲಕ.

ಕೋಶವೂ ಪೊರೆಯೂ

ಗಿಡವಾಗಲಿ, ದನವಾಗಲಿ, ಮನುಷ್ಯನಾಗಲಿ, ಜೀವವಿರುವ ಪ್ರತಿಯೊಂದೂ ಬಹು ಸಣ್ಣ ಸಣ್ಣ ಕೋಣೆಗಳಿಂದ ಕಟ್ಟಲ್ಪಟ್ಟಿದೆ. ಈ ಕೋಣೆಗೆ ಕನ್ನಡದಲ್ಲಿ ಜೀವಕೋಶ ಎನ್ನುವರು. ತೆಲುಗು ಶಾಲೆಗೆ ಹೋಗುವ ನಮ್ಮ ಮಕ್ಕಳು ಇದನ್ನೇ "ಕಣ" ಎಂದು ಓದುತ್ತಾರೆ. ನಮ್ಮ ಮನೆಮಾತಿನಲ್ಲಿ ಕಣವೆಂದರೆ ಒಕ್ಕುವ ಕಣ. ಆದ್ದರಿಂದ ಮಕ್ಕಳ ಪಾಠ ಕೇಳಿ ದೊಡ್ಡವರು ತಬ್ಬಿಬ್ಬಾಗುವುದುಂಟು. ಪೊರೆ ಎಂಬ ಮಾತಾದರೋ ಎರಡು ಭಾಷೆಗೂ ಒಂದೇ. ಅಲ್ಲಿ ಪೊರ, ಇಲ್ಲಿ ಪೊರೆ, ಅಷ್ಟೇ.

ಪ್ರತಿಯೊಂದು ಜೀವಕೋಶದ ಸುತ್ತಲೂ ಒಂದು ಪೊರೆ ಇರುತ್ತದೆ. ಗಿಡದ ಕೋಶಗಳಿಗೆ ಅದರ ಹೊರಗೆ ನಾರಿನ ಗೋಡೆಯೂ ಉಂಟು. ಗೋಡೆ ಆಕಾರ ಕೊಡುತ್ತದೆ. ಒಳಗಿನದನ್ನು ಒಳಗೇ ಹಿಡಿದಿಡುವ ಕೆಲಸ ಪೊರೆಯದು. ಮಣ್ಣಿನ ಗೋಡೆಯ ಮನೆಗೆ ಬಾಗಿಲು ಚಿಲಕವಿದ್ದಂತೆ ಎಂದು ತಿಳಿಯಬಹುದು. ಸಕ್ಕರೆ, ಉಪ್ಪು, ಪೊಟ್ಯಾಷ್ ಮೊದಲಾದವುಗಳಲ್ಲಿ ಯಾವುದು ಎಷ್ಟು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬಾರದು ಎಂಬುದನ್ನು ಈ ಪೊರೆಯೇ ನಿರ್ಣಯಿಸುತ್ತದೆ.

ಇದರ ದಪ್ಪವನ್ನು ಕೇಳಿದರೆ ನಂಬುವುದು ಕಷ್ಟ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಮಕ್ಕಳ ನೋಟುಪುಸ್ತಕದ ಒಂದು ಹಾಳೆಯ ದಪ್ಪಕ್ಕೆ ಸಮನಾಗಬೇಕಾದರೆ ಇಂತಹ ಪೊರೆಗಳನ್ನು ಒಂದರ ಮೇಲೊಂದರಂತೆ ಸುಮಾರು 20,000 ಪೇರಿಸಬೇಕು. ಇಷ್ಟು ತೆಳುವಾದುದರ ಮೇಲೆ ನಮ್ಮ ಇಡೀ ಬೆಳೆ ನಿಂತಿದೆ.

ಎರಡು ಬಾಲದ ಎಣ್ಣೆ

ಪೊರೆ ಯಾವುದರಿಂದ ಆಗಿದೆ? ಮುಖ್ಯವಾಗಿ ಎಣ್ಣೆಯ ಜಾತಿಗೆ ಸೇರಿದ ಒಂದು ವಸ್ತುವಿನಿಂದ. ಎಣ್ಣೆ, ಕೊಬ್ಬು, ಮೇಣ ಮುಂತಾದುವನ್ನೆಲ್ಲ ಸೇರಿಸಿ ಶಾಸ್ತ್ರಜ್ಞರು ಲಿಪಿಡ್ಡುಗಳೆಂದು ಕರೆಯುತ್ತಾರೆ.

ನಾವು ಗಾಣಕ್ಕೆ ಹಾಕಿ ತೆಗೆಯುವ ಕಡಲೆಕಾಯಿ ಎಣ್ಣೆ ಬೀಜದ ಗೋದಾಮಿನ ಎಣ್ಣೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದೇ ಇರುತ್ತದೆ. ಮೊಳಕೆಗೆ ಬುತ್ತಿಯಾಗಲೆಂದು ತಾಯಿಗಿಡ ಕಟ್ಟಿಕೊಟ್ಟದ್ದು ಇದು. ಈ ಎಣ್ಣೆಯ ಒಂದೊಂದು ಅಣುವಿಗೂ ಮೂರು ಉದ್ದನೆಯ ಬಾಲಗಳಿವೆ. ಪೊರೆಯ ಲಿಪಿಡ್ಡಾದರೋ ಇದರ ದಾಯಾದಿ. ಇದಕ್ಕೆ ಎರಡೇ ಬಾಲ. ಮೂರನೆಯದರ ಜಾಗದಲ್ಲಿ ರಂಜಕ, ಅಂದರೆ ನಾವು ಡಿ.ಎ.ಪಿ. ಗೊಬ್ಬರದಲ್ಲಿ ಕೊಡುವ ಫಾಸ್ಫರಸ್ಸು, ಸೇರಿದ ಒಂದು ತಲೆ ಇರುತ್ತದೆ. ಆದ್ದರಿಂದಲೇ ಇದರ ಹೆಸರು ಫಾಸ್ಫೋಲಿಪಿಡ್. ಕೋಳಿಮೊಟ್ಟೆಯ ಹಳದಿಯಲ್ಲಿ ಇದು ಹೇರಳ. ಫ್ರಾನ್ಸಿನ ಗೋಬ್ಲೆ ಎಂಬ ಔಷಧಶಾಸ್ತ್ರಜ್ಞನು 19ನೆಯ ಶತಮಾನದ ನಡುವಿನಲ್ಲಿ ಅಲ್ಲಿಂದಲೇ ಇದನ್ನು ಬೇರ್ಪಡಿಸಿ, ಮೊಟ್ಟೆಯ ಹಳದಿಗೆ ಇರುವ ಗ್ರೀಕ್ ಮಾತಿನಿಂದ ಲೆಸಿಥಿನ್ ಎಂದು ಹೆಸರಿಟ್ಟನು.

ಇದರ ಸ್ವಭಾವವೇ ವಿಚಿತ್ರ. ತಲೆಗೆ ನೀರು ಬೇಕು. ಬಾಲಗಳಿಗೆ ನೀರು ಆಗದು. ಒಂದೇ ದೇಹದಲ್ಲಿ ಎರಡು ಬುದ್ಧಿ. ಇಂತಹ ಅಣುಗಳನ್ನು ನೀರಿಗೆ ಹಾಕಿದರೆ ಅವು ಏನು ಮಾಡಬೇಕು? ಎಲ್ಲವೂ ಸಾಲುಗಟ್ಟಿ ನಿಲ್ಲುತ್ತವೆ. ಒಂದು ಸಾಲು ತಲೆಯನ್ನು ಮೇಲಕ್ಕೆ ಮಾಡಿದರೆ ಇನ್ನೊಂದು ಸಾಲು ತಲೆಯನ್ನು ಕೆಳಕ್ಕೆ ಮಾಡುತ್ತದೆ. ಎರಡು ಸಾಲಿನ ಬಾಲಗಳೂ ನಡುವೆ ಒಂದಕ್ಕೊಂದು ಎದುರಾಗಿ ನೀರಿನಿಂದ ಮರೆಯಾಗಿ ಅಡಗುತ್ತವೆ. ಯಾರೂ ಹೊಲಿಯಲಿಲ್ಲ, ಯಾರೂ ಅಂಟಿಸಲಿಲ್ಲ. ನೀರಿನ ಮೇಲಿನ ಅಂಜಿಕೆಯೇ ಅವನ್ನು ಕೂಡಿಸಿ ಪೊರೆಯನ್ನಾಗಿ ಮಾಡಿತು. ಆದ್ದರಿಂದ ಪೊರೆಯಲ್ಲಿ ಸಣ್ಣ ತೂತಾದರೆ ಅದು ತಾನೇ ಮುಚ್ಚಿಕೊಳ್ಳಬಲ್ಲುದು.

ಇದು ಕಂಡುಬಂದ ಬಗೆಯೂ ಸ್ವಾರಸ್ಯವಾಗಿದೆ. ಬೆಂಜಮಿನ್ ಫ್ರಾಂಕ್ಲಿನ್ ಎಂಬ ಅಮೆರಿಕದ ಮಹನೀಯನು ಇಂಗ್ಲೆಂಡಿನಲ್ಲಿದ್ದಾಗ ಒಂದು ಕೆರೆಯ ಮೇಲೆ ಚಿಕ್ಕ ಚಮಚೆಯಷ್ಟು ಎಣ್ಣೆ ಸುರಿದನು. ಆ ಎಣ್ಣೆ ಹರಡುತ್ತ ಹೋಗಿ ಅರ್ಧ ಎಕರೆಯಷ್ಟು ನೀರಿನ ಅಲೆಯನ್ನು ಅಡಗಿಸಿ ಕನ್ನಡಿಯಂತೆ ಮಾಡಿತೆಂದು 1774ರಲ್ಲಿ ಪ್ರಕಟವಾದ ಅವನ ಬರಹದಿಂದ ತಿಳಿಯುತ್ತದೆ. ಚಮಚೆ ಎಣ್ಣೆಯನ್ನು ಅರ್ಧ ಎಕರೆಗೆ ಹಂಚಿ ಲೆಕ್ಕ ಹಾಕಿದರೆ ಪದರದ ದಪ್ಪ ಸುಮಾರು ಎರಡು ನ್ಯಾನೋಮೀಟರ್ ಬರುತ್ತದೆ. ಅಂದರೆ ಅಣುಗಳು ಒಂದೇ ಸಾಲಾಗಿ ನಿಂತಿದ್ದವು ಎಂದಾಯಿತು. ಅನಂತರ 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ರಕ್ತದ ಕೆಂಪು ಕೋಶಗಳಿಂದ ಲಿಪಿಡ್ಡನ್ನು ತೆಗೆದು ನೀರಿನ ಮೇಲೆ ಹರಡಿದರು. ಅದು ಕೋಶಗಳ ಮೈಯ ವಿಸ್ತಾರಕ್ಕೆ ಎರಡರಷ್ಟು ಜಾಗ ಹಿಡಿಯಿತು. ಒಂದು ಮೈಗೆ ಎರಡು ಹೊದಿಕೆ! ಪೊರೆ ಎರಡು ಸಾಲಿನದೆಂಬುದು ಹೀಗೆ ಹೊಳೆಯಿತು.

ಪೊರೆ ಗೋಡೆಯಲ್ಲ, ಹರಿಯುವ ವಸ್ತು

ಇಷ್ಟನ್ನು ಓದಿ ಪೊರೆ ಎಂದರೆ ಇಟ್ಟಿಗೆ ಜೋಡಿಸಿದಂತೆ ಕದಲದೆ ಇರುವುದೆಂದು ಭಾವಿಸಬಾರದು. 1970ರಲ್ಲಿ ಅಮೆರಿಕದ ಫ್ರೈ ಮತ್ತು ಎಡಿಡಿನ್ ಎಂಬವರು ಇಲಿಯ ಒಂದು ಕೋಶವನ್ನೂ ಮನುಷ್ಯನ ಒಂದು ಕೋಶವನ್ನೂ ಬೆಸೆದು ಒಂದು ಮಾಡಿದರು. ಇಲಿಯ ಪೊರೆಯಲ್ಲಿದ್ದ ಪ್ರೋಟೀನುಗಳಿಗೆ ಒಂದು ಬಣ್ಣದ ಗುರುತು, ಮನುಷ್ಯನ ಪೊರೆಯವಕ್ಕೆ ಇನ್ನೊಂದು ಬಣ್ಣದ ಗುರುತು. ಮೊದಲು ಅರ್ಧ ಭಾಗ ಒಂದು ಬಣ್ಣ, ಅರ್ಧ ಭಾಗ ಇನ್ನೊಂದು. ಮೈಯ ಬಿಸುಪಿನಲ್ಲಿ 40 ನಿಮಿಷ ಇಟ್ಟು ನೋಡುವಲ್ಲಿ ಎರಡು ಬಣ್ಣವೂ ಪೂರ್ತಿ ಬೆರೆತುಹೋಗಿದ್ದವು. ತಂಪಿನಲ್ಲಿ ಇಟ್ಟಾಗ ಬೆರೆಯಲಿಲ್ಲ. ಪೊರೆ ಹರಿಯುತ್ತದೆ, ತಂಪಾದರೆ ಹರಿವು ನಿಲ್ಲುತ್ತದೆ ಎಂಬ ಎರಡು ಸಂಗತಿಗಳೂ ಒಂದೇ ಪ್ರಯೋಗದಲ್ಲಿ ಸಿಕ್ಕಿದವು. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಇವನ್ನೆಲ್ಲ ಸೇರಿಸಿ, ಪೊರೆಯೆಂದರೆ ಲಿಪಿಡ್ಡಿನ ತೆಳುವಾದ ಕೊಳವೆಂದೂ ಅದರಲ್ಲಿ ಪ್ರೋಟೀನುಗಳು ತೇಲಾಡುತ್ತಿರುವುವೆಂದೂ ವಿವರಿಸಿದರು. ಇಂದಿಗೂ ಪಾಠಪುಸ್ತಕಗಳಲ್ಲಿ ಮುಖ್ಯವಾಗಿ ಇರುವುದು ಈ ಚಿತ್ರವೇ.

ಜಾತ್ರೆಯ ಗುಂಪನ್ನು ನೆನೆಯಿರಿ. ರಥಬೀದಿಯಲ್ಲಿ ಜನ ಕಿಕ್ಕಿರಿದಿದ್ದರೂ ಒಬ್ಬರ ಪಕ್ಕದಲ್ಲಿ ಒಬ್ಬರು ನುಸುಳಿ ಅತ್ತಿತ್ತ ಸರಿಯುತ್ತಲೇ ಇರುತ್ತಾರೆ. ಆದರೆ ಒಬ್ಬರ ತಲೆಯ ಮೇಲೆ ಹಾರಿ ಆಚೆ ಬದಿಗೆ ಹೋಗುವವರಿಲ್ಲ. ಪೊರೆಯ ಅಣುಗಳೂ ಹಾಗೆಯೇ. ತಮ್ಮ ಸಾಲಿನೊಳಗೆ ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಸಲ ನೆರೆಯವರನ್ನು ಬದಲಿಸುತ್ತವೆ. ಈ ಸಾಲಿನಿಂದ ಆ ಸಾಲಿಗೆ ತಾವಾಗಿ ಹೊರಳುವುದು ಮಾತ್ರ ಬಹಳ ಅಪರೂಪ.

ತುಪ್ಪ ಗಟ್ಟಿ, ಎಣ್ಣೆ ನೀರು: ಏಕೆ?

ಈ ಹರಿವು ಎಷ್ಟಿರಬೇಕೆಂಬುದನ್ನು ಬಾಲಗಳೇ ಗೊತ್ತುಮಾಡುತ್ತವೆ. ಇದನ್ನು ತಿಳಿಯಲು ನಮ್ಮ ಅಡಿಗೆಮನೆಯೇ ಸಾಕು. ಮಾಗಿಯ ಚಳಿಯಲ್ಲಿ ತುಪ್ಪ ಹರಳುಗಟ್ಟುತ್ತದೆ, ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಬೆಳ್ಳಗೆ ಹೆಪ್ಪಾಗುತ್ತದೆ. ಅದರ ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ ನೀರಾಗಿಯೇ ಇರುತ್ತದೆ.

ಬಾಲಗಳಲ್ಲಿ ಎರಡು ಬಗೆ. ಕೆಲವು ಕೋಲಿನಂತೆ ನೆಟ್ಟಗಿರುತ್ತವೆ. ಕೆಲವಕ್ಕೆ ನಡುವೆ ಒಂದು ಸೊಟ್ಟು ಇರುತ್ತದೆ. ನೀಲಗಿರಿಯ ನೆಟ್ಟನೆಯ ಗಳುಗಳನ್ನು ಗಾಡಿಗೆ ಹೇರಿದರೆ ಒಂದಕ್ಕೊಂದು ಒತ್ತಾಗಿ ಕೂರುತ್ತವೆ, ಅಲುಗಾಡುವುದಿಲ್ಲ. ಜಾಲಿಯ ಸೊಟ್ಟ ಕೊಂಬೆಗಳನ್ನು ಹೇರಿದರೆ ನಡುವೆ ಸಂದು ಉಳಿದು ಹೊರೆ ಸಡಿಲವಾಗಿಯೇ ಇರುತ್ತದೆ. ಬಾಲಗಳ ಲೆಕ್ಕವೂ ಇದೇ. ನೆಟ್ಟನೆಯ ಬಾಲದ ಸ್ಟಿಯರಿಕ್ ಆಮ್ಲ ಕರಗಬೇಕಾದರೆ 69 ಡಿಗ್ರಿ ಸೆಂಟಿಗ್ರೇಡ್ ಬಿಸಿ ಬೇಕು. ಅಷ್ಟೇ ಉದ್ದವಿದ್ದು ಒಂದು ಸೊಟ್ಟಿರುವ ಓಲಿಯಿಕ್ ಆಮ್ಲ ಸುಮಾರು 13 ಡಿಗ್ರಿಯಲ್ಲೇ ಕರಗುತ್ತದೆ. ಎರಡು ಸೊಟ್ಟಿರುವ ಲಿನೋಲಿಯಿಕ್ ಆಮ್ಲ ನೀರು ಮಂಜುಗಟ್ಟುವ ಚಳಿಗಿಂತ ಐದು ಡಿಗ್ರಿ ಕೆಳಗಿನವರೆಗೂ ನೀರಾಗಿಯೇ ಇರುತ್ತದೆ. ಕಡಲೆಕಾಯಿಯಲ್ಲಿ ಹೆಚ್ಚಾಗಿರುವುವು ಈ ಸೊಟ್ಟ ಬಾಲದ ಎರಡು ಆಮ್ಲಗಳೇ.

ಪೊರೆಗೆ ಬೇಕಾದದ್ದು ನಡುವಿನ ಹದ. ಹೋಳಿಗೆಯ ಕಣಕದಂತೆ ಎನ್ನಬಹುದು. ಗಟ್ಟಿಯಾದರೆ ಬಿರಿಯುತ್ತದೆ, ಸಡಿಲವಾದರೆ ಹರಿದು ಹೂರಣ ಹೊರಗೆ ಬರುತ್ತದೆ. ಜೀವಿಗಳು ಈ ಹದವನ್ನು ತಾವೇ ಕಾಯ್ದುಕೊಳ್ಳುತ್ತವೆ. ಚಳಿ ಹೆಚ್ಚಿದರೆ ಸೊಟ್ಟ ಬಾಲಗಳನ್ನು ಹೆಚ್ಚಿಸುತ್ತವೆ, ಬಿಸಿಲು ಹೆಚ್ಚಿದರೆ ನೆಟ್ಟನೆಯವನ್ನು ಹೆಚ್ಚಿಸುತ್ತವೆ. 1974ರಲ್ಲಿ ಸಿನೆನ್ಸ್ಕಿ ಎಂಬ ಶಾಸ್ತ್ರಜ್ಞನು ಕರುಳಿನ ಒಂದು ಬಗೆಯ ಬ್ಯಾಕ್ಟೀರಿಯಾದಲ್ಲಿ ಇದನ್ನು ಅಳೆದು ತೋರಿಸಿದನು. ಬೇರೆ ಬೇರೆ ಶಾಖದಲ್ಲಿ ಬೆಳೆಸಿದರೂ ಅವುಗಳ ಪೊರೆಯ ಹದ ಮಾತ್ರ ಹೆಚ್ಚುಕಡಿಮೆ ಒಂದೇ ಇತ್ತು. ಇದಲ್ಲದೆ ಪ್ರಾಣಿಗಳ ಪೊರೆಯಲ್ಲಿ ಕೊಲೆಸ್ಟರಾಲ್, ಗಿಡಗಳ ಪೊರೆಯಲ್ಲಿ ಅದರ ಜಾತಿಯವೇ ಆದ ಸ್ಟಿರಾಲುಗಳು ನಡುನಡುವೆ ನಿಂತು, ಬಿಸಿಯಲ್ಲಿ ಪೊರೆ ತೀರ ಸಡಿಲವಾಗದಂತೆ, ತಂಪಿನಲ್ಲಿ ತೀರ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ.

ಎಲ್ಲ ಜೀವಿಗಳಿಗೂ ಈ ಶಕ್ತಿ ಒಂದೇ ಸಮನಾಗಿಲ್ಲ. ಬಾಳೆಹಣ್ಣು ಬಿಸಿ ಸೀಮೆಯ ಬೆಳೆ. ಅದನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕರ್ರಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಸುಮಾರು 13 ಡಿಗ್ರಿಗಿಂತ ಕೆಳಗೆ ಅದರ ಪೊರೆಗಳು ಕೆಡತೊಡಗುತ್ತವೆ. ಒಳಗೆ ಬೇರೆ ಬೇರೆ ಇದ್ದ ರಸಗಳು ಸೋರಿ ಬೆರೆತು ಕಪ್ಪಾಗುತ್ತವೆ. ಟೊಮೇಟೋ ಕಾಯನ್ನು ಅತಿ ತಂಪಿನಲ್ಲಿಟ್ಟರೆ ಸರಿಯಾಗಿ ಹಣ್ಣಾಗದೆ ಮೆತ್ತಗಾಗಿ ಕೊಳೆಯುವುದೂ ಇದೇ ಜಾತಿಯ ಕೇಡು.

ಒಣಗಿದ ಬೀಜದ ಅಸಹಾಯ ಸ್ಥಿತಿ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಹೊಲದಲ್ಲಿ ನಿಂತ ಗಿಡ ತನ್ನ ಪೊರೆಯನ್ನು ದಿನದಿನವೂ ರಿಪೇರಿ ಮಾಡಿಕೊಳ್ಳುತ್ತದೆ. ಒಣಗಿದ ಬೀಜಕ್ಕೆ ಆ ಶಕ್ತಿ ಇಲ್ಲ. ರಿಪೇರಿಗೆ ನೀರು ಬೇಕು. ಬೀಜದಲ್ಲಿ ಅಷ್ಟು ನೀರಿಲ್ಲ. ಮುಂಗಾರಿನ ಬೆಳೆಯನ್ನು ಕಿತ್ತ ದಿನದಿಂದ ಮುಂದಿನ ಜೂನಿನವರೆಗೆ ಸುಮಾರು ಏಳೆಂಟು ತಿಂಗಳು ಬೀಜದ ಪೊರೆಗೆ ಬಿದ್ದ ಪೆಟ್ಟು ಬಿದ್ದಂತೆಯೇ ಉಳಿಯುತ್ತದೆ, ಒಂದರ ಮೇಲೊಂದು ಕೂಡುತ್ತಲೂ ಹೋಗುತ್ತದೆ. ಆ ಏಳೆಂಟು ತಿಂಗಳು ಪೊರೆಯ ಕಾವಲು ರೈತನದು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಈ ಲೇಖನ ಸಾರ್ಥಕ.

ಪೊರೆಗೆ ಪೆಟ್ಟು ಕೊಡುವ ಮುಖ್ಯ ಶತ್ರು ಗಾಳಿಯಲ್ಲಿರುವ ಆಮ್ಲಜನಕ. ಎಣ್ಣೆ ಹಳೆಯದಾದಾಗ ಕಮಟು ವಾಸನೆ ಬರುವುದು ಇದರಿಂದಲೇ. ಬಾಲದಲ್ಲಿ ಸೊಟ್ಟು ಹೆಚ್ಚಿದ್ದಷ್ಟೂ ಕಮಟಾಗುವುದು ಬೇಗ. ಎರಡು ಸೊಟ್ಟಿನ ಲಿನೋಲಿಯಿಕ್ ಒಂದು ಸೊಟ್ಟಿನ ಓಲಿಯಿಕ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಕೆಡುತ್ತದೆ. ಪೊರೆಯ ಬಾಲಗಳೂ ಹೀಗೆಯೇ ಕಮಟಾಗಿ ತುಂಡಾಗುತ್ತವೆ. ಬಾಲ ತುಂಡಾದ ಪೊರೆ ಗೆದ್ದಲು ಹಿಡಿದ ಸೂರಿನಂತೆ. ಮಳೆ ಬರುವವರೆಗೆ ಅದರ ಗುಟ್ಟು ತಿಳಿಯುವುದಿಲ್ಲ.

ಬೀಜ ನೆನೆದಾಗ ಗುಟ್ಟು ಬಯಲಾಗುತ್ತದೆ. ಒಣಗಿದಾಗ ಒತ್ತೊತ್ತಾಗಿ ಹೆಪ್ಪುಗಟ್ಟಿದ್ದ ಪೊರೆ ನೀರು ತಗಲಿ ಮತ್ತೆ ಹರಿಯುವ ಸ್ಥಿತಿಗೆ ಬರಬೇಕು. ಒಳ್ಳೆಯ ಬೀಜದಲ್ಲಿ ಇದು ಬೇಗ ಮುಗಿಯುತ್ತದೆ. ಅಲ್ಪಸ್ವಲ್ಪ ಸೋರಿದರೂ ಪೊರೆ ಕೂಡಿಕೊಂಡು ರಿಪೇರಿ ಆರಂಭವಾಗುತ್ತದೆ. ಕೆಟ್ಟ ಬೀಜದಲ್ಲಿ ಪೊರೆ ಕೂಡುವುದೇ ಇಲ್ಲ. ಒಳಗಿನ ಸಕ್ಕರೆ, ಪೊಟ್ಯಾಷ್ ಎಲ್ಲ ಮಣ್ಣಿಗೆ ಸೋರುತ್ತವೆ. ಮಣ್ಣಿನಲ್ಲಿರುವ ಬೂಷ್ಟಿಗೆ ಈ ಸಕ್ಕರೆಯೇ ಔತಣದ ಕರೆ. ಮೊಳಕೆ ಕೊಳೆತದ್ದನ್ನು ಅಗೆದು ನೋಡಿ "ಬೂಷ್ಟು ಕೊಂದಿತು" ಎನ್ನುತ್ತೇವೆ. ಎಷ್ಟೋ ಸಲ ಬೂಷ್ಟು ಬಂದದ್ದು ಬಾಗಿಲು ಮುರಿದ ಮೇಲೆ.

ತಂಪು ನೆಲದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಬಾವಿ, ಬೋರು ಇರುವವರು ಚಳಿಗಾಲದಲ್ಲಿ ಬಿತ್ತುವ ಕಡಲೆಕಾಯಿ ಮೇಲಕ್ಕೆ ಬರಲು ಮುಂಗಾರಿನದಕ್ಕಿಂತ ಹೆಚ್ಚು ದಿನ ಹಿಡಿಯುವುದನ್ನು ಕಂಡಿದ್ದಾರೆ. ಚಳಿಯಲ್ಲಿ ಮೊಳಕೆಯ ಎಲ್ಲ ಕೆಲಸವೂ ನಿಧಾನ, ಪೊರೆ ಸಡಿಲವಾಗುವುದೂ ನಿಧಾನ. ಆದ್ದರಿಂದ ಆ ಬಿತ್ತನೆಗೆ ಉಳಿದದ್ದು ಉಡಿದದ್ದಲ್ಲ, ಇರುವುದರಲ್ಲಿ ಒಳ್ಳೆಯ ಬೀಜವೇ ಬೇಕು.

ಕಾವಲಿನ ಕ್ರಮ

ಒಂದು: ಒಣಗಿಸುವುದು. ಕಿತ್ತ ಗಿಡವನ್ನು ಕಾಯಿ ಮೇಲಾಗಿ ಹೊಲದಲ್ಲೇ ಬಾಡಿಸಿ, ಕಾಯಿ ಬಿಡಿಸಿದ ಮೇಲೆ ಬೆಳಗಿನ ಮತ್ತು ಇಳಿಹೊತ್ತಿನ ಬಿಸಿಲಿನಲ್ಲಿ ತೆಳುವಾಗಿ ಹರಡತಕ್ಕದ್ದು. ಬೇಸಗೆಯ ಬೆಳೆಯನ್ನು ಏಪ್ರಿಲ್ ಮೇ ತಿಂಗಳ ಉರಿಯಲ್ಲಿ ಡಾಂಬರು ರಸ್ತೆಯ ಮೇಲೋ ಸಿಮೆಂಟು ಕಣದ ಮೇಲೋ ನಡುಮಧ್ಯಾಹ್ನ ಹರಡಿದರೆ ಕಾಯಿ ಬೇಗ ಒಣಗುವುದು ನಿಜ, ಅದರೊಂದಿಗೆ ಪೊರೆಯೂ ಬೇಯುತ್ತದೆ. ಬಿತ್ತನೆಯ ಬೀಜಕ್ಕೆ 40 ಡಿಗ್ರಿಗಿಂತ ಹೆಚ್ಚು ಶಾಖ ತಗಲಬಾರದು. ಮಾರುವ ಕಾಯಿಯನ್ನು ಹೇಗಾದರೂ ಒಣಗಿಸಿರಿ, ಬೀಜದ ಕಾಯಿಗೆ ನೆರಳು ಗಾಳಿಯ ಮರ್ಯಾದೆ ಕೊಡಿರಿ.

ಎರಡು: ತೇವ. ಬೀಜಕ್ಕೆಂದು ಇಡುವ ಕಾಯಲ್ಲಿ ನೂರಕ್ಕೆ 9ಕ್ಕಿಂತ ಹೆಚ್ಚು ತೇವ ಇರಬಾರದು. ಅಳೆಯುವ ಯಂತ್ರ ಇಲ್ಲದವರು ಕಾಯಿ ಅಲುಗಿಸಿ ನೋಡಬಹುದು. ಗಲಗಲ ಎನ್ನಬೇಕು, ಬೇಳೆಯನ್ನು ಉಜ್ಜಿದರೆ ಕೆಂಪು ಸಿಪ್ಪೆ ಸುಲಭವಾಗಿ ಬಿಡಬೇಕು. ಹ್ಯಾರಿಂಗ್ಟನ್ ಎಂಬ ಬೀಜಶಾಸ್ತ್ರಜ್ಞನು ಹಾಕಿಕೊಟ್ಟ ಲೆಕ್ಕ ಒಂದಿದೆ. ಬೀಜದ ತೇವ ನೂರಕ್ಕೆ ಒಂದರಷ್ಟು ಇಳಿದರೆ ಅದರ ಆಯುಷ್ಯ ಎರಡರಷ್ಟಾಗುತ್ತದೆ. ಇಟ್ಟ ಜಾಗದ ಶಾಖ 5 ಡಿಗ್ರಿ ಇಳಿದರೆ ಮತ್ತೆ ಎರಡರಷ್ಟಾಗುತ್ತದೆ. ಎರಡನ್ನೂ ಸಾಧಿಸಿದರೆ ನಾಲ್ಕರಷ್ಟು. ಇದು ಅಂದಾಜಿನ ಲೆಕ್ಕವೇ ಆದರೂ ದಾರಿ ತೋರಿಸಲು ಸಾಕು. ತಗಡಿನ ಸೂರಿನ ಕೆಳಗೆ ಚೀಲ ಪೇರಿಸುವುದಕ್ಕೂ ದಪ್ಪ ಮಣ್ಣುಗೋಡೆಯ ಒಳಕೋಣೆಯಲ್ಲಿ ಹಲಗೆಯ ಮೇಲೆ ಇಡುವುದಕ್ಕೂ ಎಷ್ಟು ಅಂತರವೆಂದು ಇದರಿಂದ ಊಹಿಸಬಹುದು. ಹಿರಿಯರು ಮಣ್ಣಿನ ವಾಡೆಯಲ್ಲಿ ತುಂಬಿ ಬಾಯಿಗೆ ಸಗಣಿ ಸಾರಿಸುತ್ತಿದ್ದುದು ಅರ್ಥವಿಲ್ಲದ ಆಚಾರವಲ್ಲ.

ಮೂರು: ಸಿಪ್ಪೆ ಸುಲಿಯದೆ ಇಡುವುದು. ಕಾಯಿಯ ಹೊರಸಿಪ್ಪೆ ಪೆಟ್ಟನ್ನೂ ಗಾಳಿಯನ್ನೂ ತಡೆಯುತ್ತದೆ. ಬೇಳೆಯ ಕೆಂಪು ಸಿಪ್ಪೆ ನೀರು ಏಕಾಏಕಿ ನುಗ್ಗದಂತೆ ತಡೆಯುತ್ತದೆ. ಯಂತ್ರದಲ್ಲಿ ಸುಲಿದ ಬೀಜದಲ್ಲಿ ಕೆಂಪು ಸಿಪ್ಪೆ ಗೀರಿದ್ದು, ಬೇಳೆ ಸೀಳಿದ್ದು ಹೆಚ್ಚು. ಅಂತಹುದು ನೆನೆದಾಗ ನೀರು ಒಮ್ಮೆಲೇ ಒಳನುಗ್ಗಿ ಪೊರೆ ಕೂಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ಬಿತ್ತನೆಗೆ ಕೆಲವೇ ದಿನ ಮುಂಚೆ, ಸಾಧ್ಯವಾದರೆ ಕೈಯಿಂದ, ಸುಲಿಯುವುದು ಉತ್ತಮ. ಮನೆಯ ಹೆಂಗಸರು ಜಗಲಿಯ ಮೇಲೆ ಕುಳಿತು ಸುಲಿಯುವ ಕೆಲಸಕ್ಕೆ ನಾವು ಕೂಲಿಯ ಲೆಕ್ಕ ಹಾಕುವುದಿಲ್ಲ. ಹಾಕಿದರೆ ಬೆಳೆಯ ಅರ್ಧ ಯಶಸ್ಸು ಆ ಬೆರಳುಗಳಿಗೇ ಸಲ್ಲಬೇಕಾದೀತು.

ನಾಲ್ಕು: ಪರೀಕ್ಷೆ. ಬಿತ್ತನೆಗೆ ಎರಡು ಮೂರು ವಾರ ಮೊದಲೇ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಕಾಯಿ ತೆಗೆದು ಸುಲಿದು, ಆರಿಸದೆ 100 ಬೇಳೆ ಎಣಿಸಿರಿ. ಒದ್ದೆ ಗೋಣಿಯ ಮೇಲೆ ಸಾಲಾಗಿಟ್ಟು ಸುರುಳಿ ಸುತ್ತಿ ನೆರಳಿನಲ್ಲಿಡಿರಿ. ದಿನವೂ ನೀರು ಚಿಮುಕಿಸಿ ಹತ್ತನೆಯ ದಿನ ನೆಟ್ಟಗೆ ಮೊಳೆತವನ್ನು ಎಣಿಸಿರಿ. ಸರ್ಕಾರದ ಪ್ರಮಾಣಿತ ಬೀಜಕ್ಕೆ ಕನಿಷ್ಠ 70 ಮೊಳೆಯಬೇಕೆಂದು ನಿಯಮವಿದೆ. ಕೊಂಡು ತಂದ ಬೀಜವಾದರೂ ಈ ಪರೀಕ್ಷೆ ತಪ್ಪಿಸಬಾರದು. ಚೀಟಿ, ರಸೀದಿ, ಒಂದು ಹಿಡಿ ಬೀಜ, ಇವನ್ನು ಬೆಳೆ ಬರುವವರೆಗೆ ಜೋಪಾನವಾಗಿಡತಕ್ಕದ್ದು.

ಸೋರಿಕೆಯನ್ನೇ ಕಣ್ಣಾರೆ ನೋಡಬೇಕೆನ್ನುವವರು ಶಾಲೆಯಲ್ಲಿ ನಾವು ಮಕ್ಕಳಿಗೆ ತೋರಿಸುವ ಉಪಾಯವನ್ನು ಮಾಡಬಹುದು. ಒಂದೇ ತಳಿಯ ಹೊಸ ಬೀಜ ಇಪ್ಪತ್ತು, ಎರಡು ವರ್ಷ ಹಳೆಯ ಬೀಜ ಇಪ್ಪತ್ತು ತೆಗೆದುಕೊಳ್ಳಿ, ಸೀಳಿದ್ದು ಇರಬಾರದು. ಎರಡು ಗಾಜಿನ ಲೋಟಗಳಲ್ಲಿ ಸಮನಾಗಿ ನೀರು ಹಾಕಿ ಒಂದು ರಾತ್ರಿ ನೆನೆಸಿರಿ. ಕೆಂಪು ಬಣ್ಣ ಬಿಡುವುದು ಎರಡರಲ್ಲೂ ಸಹಜ. ಹಳೆಯದರ ನೀರು ಮಬ್ಬಾಗಿ ಲೋಳೆಯಾಗಿ ಬೇಗ ನಾತ ಬಂದರೆ, ಪೊರೆ ಒಡೆದು ಒಳಗಿನದು ಹೊರಗೆ ಬಂದಿದೆ ಎಂದು ತಿಳಿಯಬೇಕು. ಬೀಜದ ಪ್ರಯೋಗಾಲಯಗಳಲ್ಲಿ ಇದೇ ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಅಳೆಯುತ್ತಾರೆ. ಉಪ್ಪು ಸೋರಿದಷ್ಟೂ ವಿದ್ಯುತ್ತು ಹೆಚ್ಚು ಹರಿಯುತ್ತದೆ.

ಐದು: ಬೀಜೋಪಚಾರ. ಇಲ್ಲಿಯೂ ಪೊರೆಯದೇ ಮಾತು. ಬೂಷ್ಟಿನ ಪೊರೆಯಲ್ಲಿರುವ ಸ್ಟಿರಾಲ್ ಗಿಡದ್ದಕ್ಕಿಂತ ಬೇರೆ. ಅದರ ಹೆಸರು ಎರ್ಗೋಸ್ಟಿರಾಲ್. ಬೀಜಕ್ಕೆ ಹಚ್ಚುವ ಟೆಬುಕೊನಜೋಲ್, ಟಿಕ್ಕಾ ರೋಗಕ್ಕೆ ಹೊಡೆಯುವ ಹೆಕ್ಸಕೊನಜೋಲ್ ಎಂಬ ಔಷಧಗಳು ಬೂಷ್ಟು ಇದನ್ನು ತಯಾರಿಸದಂತೆ ತಡೆಯುತ್ತವೆ. ಹದ ತಪ್ಪಿದ ಪೊರೆಯಿಂದ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ. ಚೀಟಿಯಲ್ಲಿ ಬರೆದ ಪ್ರಮಾಣವನ್ನು ಮೀರಬಾರದು. ಉಪಚಾರ ಮಾಡಿದ ಬೀಜ ಉಳಿದರೆ ಮನುಷ್ಯರಿಗಾಗಲಿ ದನ ಕೋಳಿಗಳಿಗಾಗಲಿ ಹಾಕಲೇಬಾರದು.

ಹೊಸ ತಳಿಗಳ ಮಾತು

ನಮ್ಮ ಜಿಲ್ಲೆಯದೇ ಆದ ಕದಿರಿಯಲ್ಲಿ ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದ್ದು, ಕದಿರಿ-6, ಕದಿರಿ ಲೇಪಾಕ್ಷಿ ಮುಂತಾದ ತಳಿಗಳು ಅಲ್ಲಿಂದಲೇ ಬಂದವು. ಈಚೆಗೆ ಬಾಲದ ಗುಣವನ್ನೇ ಬದಲಿಸಿದ ತಳಿಗಳೂ ಬಂದಿವೆ. ಓಲಿಯಿಕ್ ಹೆಚ್ಚಿರುವ ಕಡಲೆಕಾಯಿಯನ್ನು 1987ರಲ್ಲಿ ಅಮೆರಿಕದ ಫ್ಲಾರಿಡಾದವರು ಮೊದಲು ವರದಿ ಮಾಡಿದರು. ನಮ್ಮ ದೇಶದಲ್ಲಿ ಜುನಾಗಢದ ಕಡಲೆಕಾಯಿ ಸಂಶೋಧನಾ ಸಂಸ್ಥೆ ಮತ್ತು ಹೈದರಾಬಾದಿನ ಬಳಿಯ ಇಕ್ರಿಸಾಟ್ ಕೂಡಿ ಗಿರ್ನಾರ್-4, ಗಿರ್ನಾರ್-5 ಎಂಬ ತಳಿಗಳನ್ನು ಹೊರತಂದಿವೆ. ಸಾಮಾನ್ಯ ತಳಿಯ ಎಣ್ಣೆಯಲ್ಲಿ ಓಲಿಯಿಕ್ ನೂರಕ್ಕೆ ನಲವತ್ತು ಐವತ್ತರಷ್ಟಿದ್ದರೆ ಇವುಗಳಲ್ಲಿ 80ರ ಹತ್ತಿರ. ಸೊಟ್ಟು ಕಡಿಮೆಯಾದ್ದರಿಂದ ಎಣ್ಣೆ, ಕಾಳು ಬೇಗ ಕಮಟಾಗುವುದಿಲ್ಲ. ಅಂಗಡಿಯವರಿಗೂ ಮಿಠಾಯಿಯವರಿಗೂ ಇದು ಅನುಕೂಲ. ಆದರೆ ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕಾಗುವುದು ಪ್ರಕೃತಿಯ ನಿಯಮ. ಇಂತಹ ತಳಿಗಳು ತಂಪು ನೆಲದಲ್ಲಿ ಮೊಳೆಯುವುದು ನಿಧಾನವೆಂದು ಕೆಲವು ಪ್ರಯೋಗಗಳು ತೋರಿಸಿವೆ. ಚಳಿಗಾಲದಲ್ಲಿ ಬಿತ್ತಬೇಕೆನ್ನುವವರು ಮೊದಲು ಒಂದು ಮೂಲೆಯಲ್ಲಿ ಹಾಕಿ ನೋಡುವುದು ಲೇಸು.

ಪೊರೆಯ ವಿದ್ಯೆ ದೊಡ್ಡ ಪಟ್ಟಣಗಳ ಪ್ರಯೋಗಾಲಯದಲ್ಲಿ ಬೆಳೆದದ್ದು ನಿಜ. ಅದರ ಫಲ ಮಾತ್ರ ನಮ್ಮ ಒಳಕೋಣೆಯ ಚೀಲದಲ್ಲಿದೆ. ಗಡಿಯ ಈಚೆ ಇರುವ ನಮಗೆ ಸಲಹೆಯ ಕರಪತ್ರಗಳು ತೆಲುಗಿನಲ್ಲಿ ಬರುತ್ತವೆ. ಓದಲು ಬಾರದ ಹಿರಿಯರಿಗೆ ಮಕ್ಕಳಿಂದ ಓದಿಸಿ ಕನ್ನಡದಲ್ಲಿ ಕೇಳುವ ರೂಢಿ ಮಾಡಿಕೊಳ್ಳೋಣ. ಮಕ್ಕಳಿಗೆ ಪಾಠ, ಹಿರಿಯರಿಗೆ ಬೇಸಾಯ, ಎರಡೂ ಒಂದೇ ಸಲ ಆದೀತು.

ಈ ವರ್ಷ ಹೊಲದಲ್ಲಿ ಚೆನ್ನಾಗಿ ಬಲಿತ ಒಂದು ಭಾಗವನ್ನು ಈಗಲೇ ಗುರುತು ಮಾಡಿರಿ. ಅದನ್ನು ಬೇರೆಯಾಗಿ ಕಿತ್ತು, ಬೇರೆಯಾಗಿ ಒಣಗಿಸಿ, ಬೇರೆ ಚೀಲದಲ್ಲಿ ತುಂಬಿ, ಚೀಲದ ಕೊರಳಿಗೆ ತಿಂಗಳು ವರ್ಷ ಬರೆದ ಚೀಟಿ ಕಟ್ಟಿರಿ. ಎಷ್ಟೇ ಒಳ್ಳೆಯ ಬೆಲೆ ಕೇಳಿದರೂ ಆ ಚೀಲವನ್ನು ಮಾರಬೇಡಿರಿ.